ಸ್ಪೀಡ್ ಅಂದ್ರೆ ಬರೀ ಡೌನ್‌ಲೋಡಾ?

ನಿನ್ನೆ ಸಂಜೆ ಆರಕ್ಕೆ ಮದುವೆ ಆಲ್ಬಮ್ಮಿನ 2 ಜಿಬಿ ಫೈಲು ಬೆಂಗಳೂರಿನ ಪ್ರೆಸ್ಸಿಗೆ ಕಳ್ಸೋಕೆ ಕೂತೆ, ರಾತ್ರಿ ಹತ್ತೂವರೆಗೆ 94%ಗೆ ನಿಂತು ಫೇಲ್ ಅಂತ ಬಂತು. ಅಂಗಡಿ ಶಟರ್ ಅರ್ಧ ಎಳೆದಿದ್ದೆ, ಹೊರಗೆ ಮದುವೆ ಹುಡುಗಿ ಅಪ್ಪ ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು ನಿಂತೇ ಇದ್ರು. ಅವರಿಗೆ ಏನಂತ ಹೇಳ್ಲಿ?

ಮೂರು ವರ್ಷಕ್ಕೆ ಇದು ಮೂರನೇ ಇಂಟರ್ನೆಟ್ ಕನೆಕ್ಷನ್. ಮಾರೋಕೆ ಬರೋರೆಲ್ಲ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಅಂತಾರೆ, ಅದರ ಹಿಂದಿರೋ "ಅಪ್ ಟು" ಮಾತ್ರ ನುಂಗಿಬಿಡ್ತಾರೆ. ಪೂರ್ತಿ 100 ಬಂದ್ರೂ ಫೈಲ್ ಲೆಕ್ಕದಲ್ಲಿ ಸೆಕೆಂಡಿಗೆ 12.5 ಎಂಬಿ (ಮೆಗಾಬೈಟ್), 8 ಬಿಟ್ ಸೇರಿದ್ರೆ ತಾನೇ ಒಂದು ಬೈಟ್, ಇದನ್ನ ಯಾರಾದ್ರೂ ಬಾಯ್ಬಿಟ್ಟು ಹೇಳಿದ್ದಾರಾ? ಕಳ್ಸೋ ಸ್ಪೀಡು, ಅಂದ್ರೆ ಅಪ್‌ಲೋಡ್, ಎಷ್ಟು ಬರುತ್ತೆ ಅಂತ ಕೇಳಿದ್ರೆ "ಅದೂ ಚೆನ್ನಾಗೇ ಬರುತ್ತೆ ಸರ್". ನಂಬರ್ ಹೇಳಪ್ಪಾ! ಅನ್‌ಲಿಮಿಟೆಡ್ ಅಂತಾರೆ, ತಿಂಗಳ ಕೊನೆಗೆ ಎಫ್‌ಯುಪಿ (ಅವರೇ ಇಟ್ಟಿರೋ ಡೇಟಾ ಮಿತಿ) ದಾಟಿದೆ ಅಂತ ಸ್ಪೀಡ್ ಕತ್ತರಿಸ್ತಾರೆ. ಸ್ಟ್ಯಾಟಿಕ್ ಐಪಿಗೆ (ಬದಲಾಗದ ಇಂಟರ್ನೆಟ್ ವಿಳಾಸಕ್ಕೆ) ಬೇರೆ ದುಡ್ಡು, ಹೇಳಿದ ರೇಟಿನ ಮೇಲೆ 18% ಜಿಎಸ್‌ಟಿ. ಲೀಸ್ಡ್ ಲೈನ್ (ನಮಗೊಬ್ಬರಿಗೇ ಮೀಸಲಿರೋ ಲೈನು) ಹಾಕಿಸ್ಕೊಳ್ಳಿ, ಅಪ್‌ಲೋಡು ಡೌನ್‌ಲೋಡು ಎರಡೂ ಸಮ ಅಂತಾರೆ, ಅದರ ತಿಂಗಳ ಬಿಲ್ಲು ನನ್ನ ಅಂಗಡಿ ಬಾಡಿಗೆಗಿಂತ ಜಾಸ್ತಿ!

ಸರ್ಕಾರ 2023ರಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸ್ಕೊಳ್ಳೋಕೆ ಇದ್ದ 512 ಕೆಬಿಪಿಎಸ್ (ಸುಮಾರು ಅರ್ಧ ಎಂಬಿಪಿಎಸ್) ಕನಿಷ್ಠ ಮಿತೀನ ಏರಿಸಿದ್ದು ಎಷ್ಟಕ್ಕೆ ಗೊತ್ತಾ, ಬರೀ 2 ಎಂಬಿಪಿಎಸ್‌ಗೆ, ಅದೂ ಡೌನ್‌ಲೋಡಿಗೆ! ಕಳ್ಸೋ ಕೆಲಸದಲ್ಲೇ ಹೊಟ್ಟೆ ಹೊರೆಯೋ ನಮ್ಮಂಥೋರು ಯಾರ ಲೆಕ್ಕದಲ್ಲೂ ಇಲ್ವಾ?

ಇವತ್ತು ಬೆಳಗ್ಗೆ ಪೆನ್‌ಡ್ರೈವ್ ಕವರಿಗೆ ಹಾಕಿ ಬಸ್ಸಲ್ಲಿ ಕಳ್ಸಿದೀನಿ. ಮೋಡೆಮ್ಮಿನ ಕೆಂಪು ಲೈಟು ಇನ್ನೂ ಪಿಳಿಪಿಳಿ ಅಂತಿದೆ.