ಭಾವನ ನಿಶ್ಶಬ್ದ

ಬೆಳಿಗ್ಗೆ ಏಳಕ್ಕೆ ಭಾವನಿಂದ ವಾಟ್ಸಾಪ್ ಬಂತು. ಆರು ನಿಮಿಷದ ಆಡಿಯೋ. ಕೆಳಗೆ ಒಂದು ಸಾಲು: "ಅಲ್ಲಿನ ನಿಶ್ಶಬ್ದ ರೆಕಾರ್ಡ್ ಮಾಡಿದ್ದೆ. ಕಣ್ಣು ಮುಚ್ಚಿ ಕೇಳು."

ನಾನಿನ್ನೂ ಕೇಳಿಲ್ಲ. ಬೆನ್ನು ಇನ್ನೂ ನೆಟ್ಟಗಾಗಿಲ್ಲ. ಕಾಲ್ಬೆರಳ ಸಂದಿಯಲ್ಲಿ ಉಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿದ ಜಾಗ ಮೂರನೇ ದಿನವೂ ತುರಿಸುತ್ತಿದೆ. ಒಂದು ಕೈಯಲ್ಲಿ ಕೆರೆದುಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಅದು ಉಂಬಳದ ತಪ್ಪು. ಧಾಟಿ ಸೊಟ್ಟಗಾದರೆ ಭಾವನ ತಪ್ಪು.

ಭಾವ ಅಂದರೆ ಅಕ್ಕನ ಗಂಡ. ಒಳ್ಳೆಯವರು. ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ, ರಿಂಗ್ ರೋಡಿನ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ದೀಪಾವಳಿ ಮುಗಿಸಿ ಊರಲ್ಲೇ ಉಳಿದಿದ್ದರು. ಒಂದು ರಾತ್ರಿ ಶರಾವತಿ ಹಿನ್ನೀರಿನ ದಂಡೆಯಲ್ಲಿ, ಕಾಡಿನ ಒಳಗೆ, ಟೆಂಟಿನಲ್ಲಿ ಮಲಗೋಣ ಅಂತ ಅವರಿಗೆ ಹೊಳೆಯಿತು. "ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ರಸ್ತೆಯೂ ಸರಿ ಇಲ್ವಂತೆ!" ಅಂತ ಲಾಟರಿ ಹೊಡೆದವರ ಹಾಗೆ ಹೇಳಿದರು. ನಮ್ಮೂರಲ್ಲಿ ಮಳೆಗಾಲ ಪೂರ್ತಿ ಈ ಮೂರೂ ಇರುವುದಿಲ್ಲ. ಇಲ್ಲಿಯವರೆಗೆ ಯಾರೂ ಅದಕ್ಕೆ ದುಡ್ಡು ಕೊಟ್ಟಿರಲಿಲ್ಲ. ಅಲ್ಲಿ ತಲೆಗೆ 1,800 ರೂಪಾಯಿ.

ಆ ಜಾಗ ಅಮ್ಮನ ಮನೆಯಿಂದ ಒಂಬತ್ತು ಕಿಲೋಮೀಟರ್.

"ಎಂತಕ್ಕೋ ಮಾರಾಯಾ?" ಅಂದಳು ಅಮ್ಮ. "ನೆಲದ ಮೇಲೆ ಮಲಗ್ಲಿಕ್ಕೆ ಹದಿನೆಂಟು ನೂರಾ? ನಮ್ಮನೆ ಅಂಗಳ ಎಂತ ಮಾಡಿತ್ತು? ಹಿಂದೆ ಕಾಡೂ ಉಂಟು. ಬೇಕಾದ್ರೆ ಕರೆಂಟ್ ತೆಗ್ದು ಕೊಡ್ತೆ." ಆಮೇಲೆ ಭಾವನಿಗೆ ಕೇಳದ ಹಾಗೆ, ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆ ಕೊಟ್ಟುಹೋದ ಡೇಪಾ ಎಣ್ಣೆಯ ಬಾಟಲಿ ನನ್ನ ಚೀಲಕ್ಕೆ ತುರುಕಿದಳು. ಉಣುಗು ಅಂದರೆ ರಕ್ತ ಹೀರುವ ಸಣ್ಣ ಹುಳ. ಅದು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಸಿಕ್ಕಿದ್ದೇ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಚಳಿಗಾಲ ಶುರುವಾದರೆ ನಮ್ಮ ಕಡೆ ಅಮ್ಮಂದಿರಿಗೆ ಕಾಡೆಂದರೆ ಮೊದಲು ನೆನಪಾಗುವುದು ಉಣುಗು. ಭಾವ ಮಾತ್ರ ನಿಂಬೆಹುಲ್ಲಿನ ಪರಿಮಳದ ಯಾವುದೋ ಸ್ಪ್ರೇ ಹೊಡೆದುಕೊಂಡು, ಮದುವೆ ಮನೆಗೆ ಹೊರಟವರ ಹಾಗೆ ಕಾರು ಹತ್ತಿದರು.

ಅಕ್ಕ ಬರಲಿಲ್ಲ. ಅವಳಿಗೆ ಹದಿನೆಂಟು ವರ್ಷದ ಅನುಭವ ಇದೆ. ಅಡಿಕೆ ಸುಲಿಯಲು ಅಮ್ಮನಿಗೆ ಜನ ಸಾಲದು ಅಂದಳು. ಅಕ್ಕ ಮೆಟ್ಟುಗತ್ತಿ ಮುಟ್ಟಿ ಹತ್ತು ವರ್ಷವಾದರೂ ಆಗಿರಬೇಕು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ದಾರಿಯಲ್ಲಿ ಭಾವನಿಗೆ ಹೊಳೆಬಾಗಿಲಿನ ಹೊಸ ಸೇತುವೆ ತೋರಿಸಿದೆ. 2025ರ ಜುಲೈನಲ್ಲಿ ಓಡಾಟಕ್ಕೆ ತೆರೆದದ್ದು, ಎರಡು ಕಿಲೋಮೀಟರಿಗೂ ಉದ್ದ. ಅದಕ್ಕೂ ಮುಂಚೆ ಅಲ್ಲಿ ಹಿನ್ನೀರು ದಾಟಲು ಲಾಂಚೇ ಗತಿ. "ಛೆ, ಲಾಂಚಿನಲ್ಲಿ ಹೋಗೋ ಮಜಾ ಹೋಯ್ತಲ್ಲೋ" ಅಂದರು. ಕೊನೇ ಲಾಂಚು ತಪ್ಪಿಸಿಕೊಂಡು ದಡದಲ್ಲಿ ಕೂತವರ ಹತ್ತಿರ ಈ ಮಾತು ಹೇಳಬೇಡಿ ಭಾವ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಅಕ್ಕನ ಗಂಡನ ಹತ್ತಿರ ಇಂಥವನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಆ ರಾತ್ರಿ ನಾನು ಮನಸ್ಸಿನಲ್ಲಿ ಬಹಳ ಮಾತಾಡಿದೆ.

ಜಾಗ ಚೆನ್ನಾಗಿಯೇ ಇತ್ತು. ನೀರಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಾಲ್ಕು ಟೆಂಟು, ಸೋಗೆ ಹೊದಿಸಿದ ಅಡುಗೆ ಚಪ್ಪರ, ಸ್ವಲ್ಪ ಆಚೆ ತಟ್ಟಿ ಕಟ್ಟಿದ ಒಂದು ಪಾಯಿಖಾನೆ. ನೋಡಿಕೊಳ್ಳಲು ಎಲೆಅಡಿಕೆ ಹಾಕುವ ಒಬ್ಬ ಹಿರಿಯರು. ಅವರು ಎರಡೇ ನಿಯಮ ಹೇಳಿದರು. ನೀರಿಗೆ ಇಳಿಯಬಾರದು, ಒಳಗೆ ಹಳೇ ಮರದ ಬೊಡ್ಡೆಗಳಿವೆ. ಪಾಯಿಖಾನೆಗೆ ಚಿಲಕ ಇಲ್ಲ, ಒಳಗಿದ್ದವರು ಕೆಮ್ಮುತ್ತಾ ಇರಬೇಕು.

ನಮ್ಮ ಟೆಂಟನ್ನು ನಾವೇ ಕಟ್ಟಬೇಕಂತೆ, ಅದೇ ಅನುಭವವಂತೆ. ಅಲ್ಲಿಯ ನೆಲ ಜಂಬಿಟ್ಟಿಗೆ. ಈ ಕಲ್ಲನ್ನೇ ಕಡಿದು ನಮ್ಮ ಕಡೆ ಮನೆ ಕಟ್ಟುತ್ತಾರೆ. ಅದಕ್ಕೆ ಬೆರಳು ಗಾತ್ರದ ಅಲ್ಯುಮಿನಿಯಂ ಗೂಟ ಹೊಡೆಯಿರಿ ಅಂದರೆ? ಎರಡು ಬಗ್ಗಿದವು, ಒಂದು ಹಾರಿ ನೀರಿಗೆ ಬಿತ್ತು. ಕೊನೆಗೆ ಹಿರಿಯರು ಬಂದು ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿ ಹೋದರು.

ಆಗ ಶುರುವಾಯಿತು.

ಸಂಜೆ ಐದೂವರೆ ಇರಬೇಕು. ಗಾಳಿ ನಿಂತಿತ್ತು. ನೀರಿನ ಮೇಲೆ ಒಂದು ಗೆರೆ ಇಲ್ಲ. ಆಚೆ ದಡದ ಗುಡ್ಡ ತಲೆಕೆಳಗಾಗಿ ನೀರಲ್ಲಿ ಮಲಗಿತ್ತು. ಭಾವ ಸೊಂಟಕ್ಕೆ ಕೈಕೊಟ್ಟು ನಿಂತು ಉದ್ದಕ್ಕೆ ಉಸಿರೆಳೆದುಕೊಂಡು, "ಎಷ್ಟು ನಿಶ್ಶಬ್ದ ಅಲ್ವಾ!" ಅಂದರು.

"ಹೌದು ಭಾವ" ಅಂದೆ. ನಿಜವಾಗಿಯೂ ಹೌದಿತ್ತು, ಅಲ್ಲಿಯವರೆಗೆ.

ಎರಡು ನಿಮಿಷ ಆಗಿಲ್ಲ. "ಕೇಳು. ಏನಾದ್ರೂ ಕೇಳಿಸ್ತಿದೆಯಾ?"

"ಇಲ್ಲ ಭಾವ."

"ನೋಡು! ಅದೇ ನಾನು ಹೇಳಿದ್ದು!"

ಆಮೇಲೆ ಬೆಂಗಳೂರಿನಲ್ಲಿ ಏನೇನು ಕೇಳಿಸುತ್ತದೆ ಅಂತ ವಿವರಿಸಿದರು. ಬಾಯಲ್ಲಿ ಹೇಳಿದರೆ ಸಾಕಿತ್ತು, ಮಾಡಿ ತೋರಿಸಿದರು. ಮೇಲಿನ ಮನೆಯವರು ಗೋಡೆ ಕೊರೆಯುವ ಸದ್ದು. ಪ್ರೆಷರ್ ಕುಕ್ಕರ್ ರಿಪೇರಿಯವನ ಸ್ಕೂಟರು. ನೀರಿನ ಟ್ಯಾಂಕರ್ ಹಿಂದೆ ಬರುವಾಗಿನ ಕೂಗು. ಟ್ಯಾಂಕರನ್ನು ಭಾವ ಚೆನ್ನಾಗಿ ಮಾಡುತ್ತಾರೆ, ಸುಳ್ಳು ಹೇಳಬಾರದು. ದಡದಲ್ಲಿ ಒಂಟಿ ಕಾಲಲ್ಲಿ ನಿಂತಿದ್ದ ಬೆಳ್ಳಕ್ಕಿ ಎದ್ದು ಆಚೆ ದಡಕ್ಕೆ ಹೋಯಿತು. ಮತ್ತೆ ಬರಲಿಲ್ಲ.

ನಾನು ಎಣಿಸಲು ಕೂತೆ. ಒಂದು ಸಲ 'ನಿಶ್ಶಬ್ದ' ಅಂದರೆ ಒಂದು ಕಲ್ಲು, ಚಪ್ಪಲಿಯ ಪಕ್ಕ. ಊಟದ ಹೊತ್ತಿಗೆ ಹದಿನೇಳು ಕಲ್ಲು ಸೇರಿದ್ದವು. ಭಾವ ಅದನ್ನು ನೋಡಿ ಪ್ರೀತಿಯಿಂದ ನನ್ನ ಭುಜ ತಟ್ಟಿದರು. "ಕಲ್ಲು ಜೋಡಿಸ್ತಿದೀಯಾ? ಒಳ್ಳೇದು. ಈ ನಿಶ್ಶಬ್ದದಲ್ಲಿ ಮನಸ್ಸು ಮಗು ಥರ ಆಗಿಬಿಡುತ್ತೆ."

ಹದಿನೆಂಟು.

ಅನ್ನ, ಸಾರು, ಅಪ್ಪೆಮಿಡಿ ಉಪ್ಪಿನಕಾಯಿ. ಊಟಕ್ಕೆ ನನ್ನ ತಕರಾರಿಲ್ಲ. ಉಪ್ಪಿನಕಾಯಿ ಬಾಯಲ್ಲಿದ್ದಷ್ಟು ಹೊತ್ತು ಭಾವನೂ ಸುಮ್ಮನಿದ್ದರು. ಅಷ್ಟು ದೊಡ್ಡ ಮಿಡಿ ಇನ್ನೊಂದಿದೆಯಾ ಅಂತ ಹಿರಿಯರನ್ನು ಕೇಳಿಯೂ ನೋಡಿದೆ. ಜಾಡಿ ಖಾಲಿಯಾಗಿತ್ತು.

ಊಟವಾದ ಮೇಲೆ ಬೆಂಕಿ ಹಾಕಿದರು. ನಮ್ಮ ಕಡೆ ಯಾರು ಸಿಕ್ಕಿದರೂ ಮೊದಲ ಪ್ರಶ್ನೆ ಊರು ಯಾವುದು, ಎರಡನೆಯದು ಯಾರ ಮನೆ. ಹೇಳಿದೆ. ಅಜ್ಜಿಯ ತವರು ನೀರಲ್ಲಿ ಹೋಯಿತು ಅಂತಲೂ ಹೇಳಿದೆ.

"ಹಂಗಾರೆ ನೀವೂ ಮುಳುಗಡೆಯವ್ರೇ" ಅಂದರು ಅವರು. ಬೆಂಕಿಯಿಂದ ಒಂದು ಕೊಳ್ಳಿ ತೆಗೆದು ಕತ್ತಲೆಯ ಕಡೆ ತೋರಿಸಿದರು. "ನಮ್ಮನೆ ಅಲ್ಲಿ. ಆ ಬೊಡ್ಡೆ ಆಚೆ. ಹೆಂಚು, ಬಾಗಿಲು, ದನ ಎಲ್ಲಾ ಒಂದೇ ಲಾರೀಲಿ ಹೊತ್ಕಂಡ್ ಬಂದದ್ದಂತೆ. ನಾನು ಅವ್ವನ ಮಡ್ಲಲ್ಲಿ."

ಈ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಅದಕ್ಕೂ ಮುಂಚೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಇತ್ತು. ಹೊಸದರ ನೀರಲ್ಲಿ ಹಳೆಯ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದರೆ ಈಗಲೂ ಅದರ ಮೈ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಮಳೆಗಾಲದಲ್ಲಿ ನಾವೆಲ್ಲ ಪೇಪರು ಬಿಡಿಸಿದ ಕೂಡಲೇ ನೋಡುವುದು ಜಲಾಶಯದ ಮಟ್ಟ. 1819 ಅಡಿ ಆದರೆ ತುಂಬಿತು. ತುಂಬಿದರೆ ಊರಿಗೆಲ್ಲ ಖುಷಿ. ಅಜ್ಜಿ ಮಾತ್ರ ಆ ಸುದ್ದಿ ಓದಿ ಹೇಳಿದರೆ "ಹೂಂ" ಅನ್ನುತ್ತಿದ್ದಳು, ಅಷ್ಟೇ. ಈ ಕಡೆ ಬಸ್ಸಿನಲ್ಲಿ ಬಂದರೆ ನೀರು ಕಾಣುವ ಕಿಟಕಿ ಬಿಟ್ಟು ಆಚೆ ಬದಿಯ ಸೀಟು ಹುಡುಕುತ್ತಿದ್ದಳು. ನಾನು ಚಿಕ್ಕವನು, ಕಿಟಕಿ ನನಗೇ ಸಿಕ್ಕಿತು ಅಂತ ಕುಣಿಯುತ್ತಿದ್ದೆ. ತವರಿನ ಬಗ್ಗೆ ಹೇಳುವಾಗ ಅವಳು ಮನೆ ಹೇಗಿತ್ತು ಅಂತ ಹೇಳುತ್ತಿರಲಿಲ್ಲ. ಸದ್ದು ಹೇಳುತ್ತಿದ್ದಳು. ಬೆಳಗಿನ ಜಾವ ಮೊಸರು ಕಡೆಯೋದು, ಒನಕೆ, ಹೊಳೆಯಾಚೆ ಕೇರಿಯ ಕೋಳಿ, ಕೊಟ್ಟಿಗೆಯಲ್ಲಿ ದನ ಕೊರಳು ಅಲ್ಲಾಡಿಸಿದರೆ ಬಿದಿರಿನ ಗಂಟೆ.

ಬೆಂಕಿ ಚಟಪಟ ಅಂದಿತು. ಭಾವ ಬಹಳ ಹೊತ್ತು ನೀರಿನ ಕಡೆ ನೋಡಿದರು. ಆಮೇಲೆ ಮೆಲ್ಲಗೆ, ತಮಗೇ ಹೇಳಿಕೊಂಡ ಹಾಗೆ, "ಎಷ್ಟು ನಿಶ್ಶಬ್ದ" ಅಂದರು. ಅಲ್ವಾ ಅನ್ನಲಿಲ್ಲ.

ಅದಕ್ಕೆ ನಾನು ಕಲ್ಲು ಇಡಲಿಲ್ಲ.

ಆದರೆ ಟೆಂಟಿನ ಒಳಗೆ ಹೋದ ಮೇಲೆ ಬಡ್ಡಿ ಸಮೇತ ಬಂತು. ಇಬ್ಬರ ಟೆಂಟು ಅಂತ ಬರೆದಿತ್ತು. ಆ ಇಬ್ಬರು ಯಾರೋ, ನಾವಂತೂ ಅಲ್ಲ. ಗಾಳಿ ತುಂಬಿದ ಹಾಸಿಗೆ ಭಾವ ಮಗ್ಗುಲಾದರೆ ನನ್ನನ್ನು ಎತ್ತುತ್ತಿತ್ತು, ನಾನು ಮಗ್ಗುಲಾದರೆ ಅವರನ್ನು. ಹತ್ತೂವರೆಗೆ ಅದೂ ಉಸ್ಸೆಂದು ಉಸಿರು ಬಿಡತೊಡಗಿತು. ಹನ್ನೊಂದಕ್ಕೆ ಬೆನ್ನಿಗೆ ಜಂಬಿಟ್ಟಿಗೆ ಸಿಕ್ಕಿತು. ಸೊಳ್ಳೆ ಬರುತ್ತದೆಂದು ಭಾವ ಟೆಂಟಿನ ಕಿಂಡಿಗಳನ್ನೆಲ್ಲ ಮುಚ್ಚಿದ್ದರು. ಹೊರಗೆ ಚಳಿ, ಒಳಗೆ ಇಬ್ಬರ ಉಸಿರು. ಉಸಿರೆಲ್ಲ ಬಟ್ಟೆಗೆ ತಾಗಿ ನೀರಾಗಿ ಮುಖದ ಮೇಲೆ ತೊಟ್ಟಿಕ್ಕತೊಡಗಿತು. "ಮಳೆ ಬಂತು!" ಅಂತ ಭಾವ ಎದ್ದು ಕೂತರು. ಮಳೆಯಲ್ಲ. ಆ ಹನಿಯಲ್ಲಿ ಮುಕ್ಕಾಲು ಪಾಲು ಯಾರ ಮಾತಿನದು ಅಂತ ನನಗೆ ಗೊತ್ತಿತ್ತು.

ನನಗೆ ಇನ್ನೇನು ಜೊಂಪು ಹತ್ತಿತು ಅನ್ನುವಾಗ, "ಮಲಗಿದ್ಯಾ?"

"ಇಲ್ಲ ಭಾವ."

"ನಿದ್ದೆ ಬರಲ್ಲ ಕಣೋ. ಸದ್ದಿಗೆ ಅಭ್ಯಾಸ ಆಗಿಬಿಟ್ಟಿದೆ. ಇಲ್ಲಿ ನಿಶ್ಶಬ್ದ ಜಾಸ್ತಿ ಆಯ್ತು."

ಅಷ್ಟರಲ್ಲಿ ಹೊರಗೆ ನತ್ತಿಂಗ ಹಕ್ಕಿ ಶುರು ಮಾಡಿತು. ಚಕ್, ಚಕ್, ಚಕ್, ಬಿಡುವಿಲ್ಲದೆ. ಯಾರೋ ಕಾರಿನ ಬಾನೆಟ್ಟು ಬಡಿಯುತ್ತಿದ್ದಾರೆ ಅಂದರು ಭಾವ. ಹಕ್ಕಿ ಅಂದೆ. ಇಷ್ಟು ಹೊತ್ತಿನಲ್ಲಿ ಯಾವ ಹಕ್ಕಿ ಕೂಗುತ್ತೆ ಅಂದರು. ಜಿಪ್ಪು ಸರ್ರನೆ ಎಳೆದು ಹೊರಗೆ ಟಾರ್ಚ್ ಬಿಟ್ಟರು. ಸರ್ರನೆ ಮುಚ್ಚಿದರು. ಮತ್ತೆ ತೆಗೆದರು, ಕಾರಿನ ಬಾಗಿಲು ಹಾಕಿದ್ದೆವಾ ಅಂತ. ಆ ಜಿಪ್ಪಿನ ಸದ್ದು ಈಗಲೂ ಯಾರಾದರೂ ಬ್ಯಾಗು ತೆಗೆದರೆ ನನ್ನ ಹಲ್ಲಿಗೆ ತಾಗುತ್ತದೆ.

ಯಾವಾಗಲೋ ಕಣ್ಣು ಹತ್ತಿರಬೇಕು. ಎಚ್ಚರವಾದಾಗ ಐದೂವರೆ. ಪಕ್ಕದಲ್ಲಿ ಭಾವ ಇಲ್ಲ. ಹೊರಗೆ ಮಂಜು, ಮಂಜಿನೊಳಗೆ ಎಲ್ಲೋ ಶಿಳ್ಳೆ ಹೊಡೆಯುವ ಹಕ್ಕಿ, ಯಾವುದೋ ಪೋಲಿ ಹುಡುಗ ರಾಗ ಮರೆತು ಮರೆತು ಹಾಡುವ ಹಾಗೆ. ಹನ್ನೆರಡು ಗಂಟೆಯಲ್ಲಿ ಮೊದಲ ಸಲ ನನಗೆ ಆ ಜಾಗ ನಿಜವಾಗಿ ಸಿಕ್ಕಿತು. ಹೊಟ್ಟೆ ಮಾತ್ರ ಬೇರೆ ಮಾತಾಡುತ್ತಿತ್ತು. ತಂಬಿಗೆ ಹಿಡಿದು ಒದ್ದೆ ತರಗೆಲೆ ತುಳಿಯುತ್ತಾ ತಟ್ಟಿಯ ಹತ್ತಿರ ಹೋದೆ. ನಿಂತೆ. ಕಿವಿಗೊಟ್ಟೆ. ಕೆಮ್ಮಿಲ್ಲ. ನಾನೇ ಒಂದು ಸಲ ಕೆಮ್ಮಿದೆ. ಉತ್ತರವಿಲ್ಲ. ಸರಿ, ಯಾರೂ ಇಲ್ಲ ಅಂತ ಬಾಗಿಲು ತೆಗೆದೆ.

ಭಾವ ಇದ್ದರು.

ಹಿಂದಿನ ಸಂಜೆ ಐದೂವರೆಯಿಂದ ಬಾಯಿ ಮುಚ್ಚದ ಮನುಷ್ಯ, ಸದ್ದು ಮಾಡಲೇಬೇಕಾದ ಒಂದೇ ಒಂದು ಜಾಗದಲ್ಲಿ, ಕಣ್ಣು ಮುಚ್ಚಿಕೊಂಡು ನಿಶ್ಶಬ್ದ ಅನುಭವಿಸುತ್ತಾ ಕೂತಿದ್ದರು.

ಇಬ್ಬರೂ ಒಂದು ಕ್ಷಣ ನೋಡಿಕೊಂಡೆವು. ಅಕ್ಕನ ಮದುವೆಯಲ್ಲಿ ಇವರ ಕಾಲಿಗೆ ನೀರೆರೆದವನು ನಾನು. ಬಾಗಿಲು ಮುಚ್ಚಿ ಓಡಿದೆ. ಓಡುವ ಗಡಿಬಿಡಿಯಲ್ಲಿ ಚಪ್ಪಲಿ ಅಲ್ಲೇ ಉಳಿಯಿತು, ಬರಿಗಾಲು ತರಗೆಲೆಗೆ ಬಿತ್ತು. ಉಂಬಳ ಹತ್ತಿದ್ದು ಆಗಲೇ ಇರಬೇಕು. ಅದು ಹತ್ತುವುದೂ ಗೊತ್ತಾಗುವುದಿಲ್ಲ, ಕಚ್ಚುವುದೂ ಗೊತ್ತಾಗುವುದಿಲ್ಲ. ಕುಡಿದು ದ್ರಾಕ್ಷಿಯ ಹಾಗೆ ಊದಿಕೊಂಡು ತಾನೇ ಉದುರಿತು. ಆ ಇಡೀ ಜಾಗದಲ್ಲಿ ಬಾಯಿಬಿಡದೆ ತನ್ನ ಕೆಲಸ ಮುಗಿಸಿಕೊಂಡದ್ದು ಅದೊಂದೇ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಮೊದಲೇ ಮದ್ದು ಹಾಕಿರುತ್ತದಲ್ಲ, ಅರ್ಧ ಗಂಟೆಯಾದರೂ ಹರಿಯುವುದು ನಿಲ್ಲಲಿಲ್ಲ. ಹಿರಿಯರು ಎಲೆಅಡಿಕೆ ಸಂಚಿಯಿಂದ ಸುಣ್ಣ ತೆಗೆದು ಒತ್ತಿದರು.

ಅಲ್ಲಿಂದ ಅಮ್ಮನ ಮನೆಯವರೆಗೆ ಒಂಬತ್ತು ಕಿಲೋಮೀಟರ್ ಭಾವ ಒಂದೇ ಒಂದು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಅಂಥ ಮೌನ ನನಗೆ ಬೇಕಿರಲಿಲ್ಲ.

ಮನೆಯಲ್ಲಿ ಅಡಿಕೆ ಸುಲಿಯುವವರ ಹರಟೆ, ರೇಡಿಯೋ, ಬಚ್ಚಲೊಲೆಗೆ ಅಮ್ಮ ಸೌದೆ ಎಸೆಯುವ ಸದ್ದು, ಕರು ಕೂಗು. ಭಾವ ಜಗಲಿಯಲ್ಲಿ ಹಾಗೇ ಅಡ್ಡಾದವರು ಮಧ್ಯಾಹ್ನದವರೆಗೆ ಏಳಲಿಲ್ಲ. ಗೊರಕೆಗೆ ಕರುವೇ ಸುಮ್ಮನಾಯಿತು. ಅಕ್ಕ ಬಾಗಿಲಿಗೆ ಒರಗಿ ನಿಂತು ನನ್ನನ್ನೊಮ್ಮೆ ನೋಡಿದಳು. "ಎಷ್ಟು ಸಲ?" ಅಂದಳು. "ನಲವತ್ತೊಂದು" ಅಂದೆ. "ಕಡಿಮೆ ಆಯ್ತು" ಅಂದಳು.

ಇಷ್ಟು ಬರೆಯುವಷ್ಟರಲ್ಲಿ ಭಾವನ ಇನ್ನೊಂದು ಮೆಸೇಜು. "ಕೇಳಿದ್ಯಾ?" ಬಾಗಿಲು ತೆಗೆದ ವಿಷಯ ಅವರೂ ಮರೆತಂತೆ ಇದ್ದಾರೆ, ನಾನೂ ಮರೆಯಬೇಕು. ಸರಿ ಅಂತ ಆಡಿಯೋ ಒತ್ತಿದೆ. ನಿನ್ನೆ ಬಂದು ಉಳಿದ ಅಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ಮೊದಲು ಏನೂ ಇಲ್ಲ. ಸರ್ರನೆ ಜಿಪ್ಪು. ಮತ್ತೆ ಏನೂ ಇಲ್ಲ. ಆಮೇಲೆ ಬಹಳ ಹತ್ತಿರದಿಂದ, ಫೋನಿಗೆ ಬಾಯಿಟ್ಟು ಪಿಸುಗುಟ್ಟಿದ ಹಾಗೆ, "ಎಷ್ಟು ನಿಶ್ಶಬ್ದ ನೋಡಿ..." ಹಿಂದಿನಿಂದ ನನ್ನದೇ ಸ್ವರ, "ಮಲ್ಗಿ ಭಾವ."

ಅಮ್ಮ ಅವರೆಕಾಯಿ ಬಿಟ್ಟು ಕಿವಿಗೊಟ್ಟಳು. ಆರು ನಿಮಿಷವೂ ಕೇಳಿದಳು.

"ಹತ್ತೊಂಬತ್ತು" ಅಂದಳು.

"ಎಂತದು?"

"ನಂಗೂ ಎಣಿಸ್ಲಿಕ್ಕೆ ಬರ್ತದೆ" ಅಂತ ಮತ್ತೆ ಸುಲಿಯಲು ಕೂತಳು.