ಪರಿಷತ್ತು ಬೇಡ ಅನ್ನುವ ಮುಂಚೆ

ರಾಜ್ಯದ ಮೇಲ್ಮನೆಯಾದ ವಿಧಾನ ಪರಿಷತ್ತು ಚುನಾವಣೆಯಲ್ಲಿ ಸೋತವರಿಗೆ ಕುರ್ಚಿ ಕೊಡುವ ಜಾಗ, ರದ್ದು ಮಾಡಿ ಅಂತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಕೊಪ್ಪಳದಲ್ಲಿ ಕೂತು ಓದಿದ ನನಗೆ ಇದು ಒಪ್ಪಿಗೆ ಆಗಲಿಲ್ಲ.

ವಿಧಾನಸಭೆಯ 224 ಶಾಸಕರಲ್ಲಿ ನಮ್ಮ ಜಿಲ್ಲೆಯವರು ಐವರು, ರಾಯಚೂರಿನವರು ಏಳು. ಸರ್ಕಾರ ಉಳಿಯೋದು, ಬೀಳೋದು ಅಲ್ಲೇ, ಸರಿ. ಪರಿಷತ್ತಿನ 75 ಸ್ಥಾನ ಹೇಗೆ ತುಂಬುತ್ತವೆ ಅನ್ನೋದನ್ನೂ ನೋಡಬೇಕಲ್ವಾ? 25 ಜನರನ್ನು ಶಾಸಕರು ಆರಿಸುತ್ತಾರೆ, 11 ಮಂದಿ ನಾಮನಿರ್ದೇಶನಗೊಂಡವರು. ಸೋತವರು ಬರೋದು ಹೆಚ್ಚಾಗಿ ಈ ದಾರಿಯಲ್ಲಿ. ಪದವೀಧರರು ಆರಿಸೋದು 7, ಶಿಕ್ಷಕರು ಆರಿಸೋದು 7. ಉಳಿದ 25 ಜನರನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು ವೋಟು ಹಾಕಿ ಬೆಂಗಳೂರಿಗೆ ಒಬ್ಬರನ್ನು ಕಳಿಸುವ ಅವಕಾಶ ಇನ್ನೆಲ್ಲಿದೆ?

ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿಯಿತು. ಚುನಾವಣೆ ಮಾಡಲೇ ಇಲ್ಲ. ಆ ಡಿಸೆಂಬರ್‌ನಲ್ಲಿ ಪರಿಷತ್ ಚುನಾವಣೆ ಬಂದಾಗ ರಾಯಚೂರು-ಕೊಪ್ಪಳ ಕ್ಷೇತ್ರದಲ್ಲೂ ಆ ಪಂಚಾಯಿತಿಗಳ ಸದಸ್ಯರ ಮತಗಳಿರಲಿಲ್ಲ. ಇದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.

ನಮ್ಮ ಹುಡುಗರಿಗೆ ಇನ್ನೊಂದು ಮಾತು. ಪದವೀಧರರ ಆ 7 ಸ್ಥಾನಗಳಲ್ಲಿ ನಮ್ಮ ಭಾಗದ್ದಾದ ಈಶಾನ್ಯ ಪದವೀಧರ ಕ್ಷೇತ್ರದ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಡಿಗ್ರಿ ಮುಗಿದು ಮೂರು ವರ್ಷ ಆಗಿದ್ದರೆ ಅರ್ಜಿ ನಮೂನೆ 18 ತುಂಬಿ ಕೊಡಬೇಕು. ಹಿಂದೆ ಹೆಸರಿತ್ತು ಅಂತ ಸುಮ್ನೆ ಕೂತರೆ ಹೊಸ ಪಟ್ಟಿಯಲ್ಲಿ ಇರೋದಿಲ್ಲ. ಗಂಗಾವತಿ, ಕುಷ್ಟಗಿ ಕಡೆ ಇದು ಗೊತ್ತಿಲ್ಲದವರೇ ಜಾಸ್ತಿ. ಕಾಲೇಜುಗಳಲ್ಲಿ ಯಾರಾದರೂ ತಿಳಿಸಿ ಹೇಳಿ, ದಯವಿಟ್ಟು.