ಸತ್ತ ಎಮ್ಮೆಗೆ ಹತ್ತು ಸೇರು ಹಾಲು

ಅಮೆರಿಕದಲ್ಲಿ ಒಂದು ಸಂತತಿ ಪೂರ್ತಿ ಅಳಿದುಹೋಗಿದೆ. 1990ರ ದಶಕದಲ್ಲಿ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಎಂಬ ಟೀವಿ ಸೀರಿಯಲ್ಲನ್ನು ಬೈದವರ ಸಂತತಿ ಅದು. ಹಗಲಲ್ಲಿ ದೀಪ ಹಿಡಿದು ಹುಡುಕಿದರೂ ಒಬ್ಬರೂ ಸಿಗುವುದಿಲ್ಲ. ಸಿಗುವವರೆಲ್ಲ ಮೊದಲ ದಿನವೇ ಮೆಚ್ಚಿದವರು, ಇದು ಮುಂದೆ ದೊಡ್ಡ ಹೆಸರು ಮಾಡುತ್ತದೆ ಅಂತ ಅವತ್ತೇ ಹೇಳಿದವರು. ಹಾಗಾದರೆ ವರ್ಷದಿಂದ ವರ್ಷಕ್ಕೆ ಅದರ ವೀಕ್ಷಕರು ಕರಗಿದ್ದು ಹೇಗೆ ಅಂತ ಕೇಳಬೇಡಿ. ಹಬ್ಬದ ಮನೆಯಲ್ಲಿ ಲೆಕ್ಕ ಕೇಳಬಾರದು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟಾರ್ ಟ್ರೆಕ್ ಶುರುವಾದದ್ದು 1966ರಲ್ಲಿ. ಹುಟ್ಟುಹಾಕಿದವರು ಜೀನ್ ರಾಡೆನ್‌ಬೆರಿ. ಒಂದು ಅಂತರಿಕ್ಷ ಹಡಗು, ವಾರಕ್ಕೊಂದು ಹೊಸ ಲೋಕ, ಮನುಷ್ಯರೆಲ್ಲ ಸುಧಾರಿಸಿದ್ದಾರೆ ಎಂಬ ನಂಬಿಕೆ. ರಾಡೆನ್‌ಬೆರಿ 1991ರಲ್ಲಿ ತೀರಿಕೊಂಡರು. 1993ರ ಜನವರಿಯಲ್ಲಿ ಡೀಪ್ ಸ್ಪೇಸ್ ನೈನ್ ಬಂತು. ಇದರಲ್ಲಿ ಊರೂರು ಸುತ್ತುವ ಹಡಗಿಲ್ಲ, ನಿಂತಲ್ಲೇ ನಿಂತ ಒಂದು ನಿಲ್ದಾಣ. ಪಕ್ಕದಲ್ಲಿ ಬಜೋರ್ ಎಂಬ ಲೋಕ. ಕಾರ್ಡಾಸಿಯನ್ನರು ಅದನ್ನು ದಶಕಗಟ್ಟಲೆ ಆಳಿ, ಹಿಂಡಿ, ಕೊನೆಗೆ ಬಿಟ್ಟುಹೋಗಿದ್ದಾರೆ. ಹಾಗಾಗಿ ಇಲ್ಲಿ ಸಿಟ್ಟಿದೆ, ದೇವರಿದ್ದಾನೆ, ಬಡ್ಡಿ ವ್ಯಾಪಾರವಿದೆ, ಸುಳ್ಳಿದೆ. ಒಟ್ಟಿನಲ್ಲಿ ನಮ್ಮ ನಿಮ್ಮ ಹಾಗಿನವರೇ ಜಾಸ್ತಿ.

ಅಭಿಮಾನಿಗಳಿಗೆ ಮೈ ಉರಿಯಿತು. ಇವರು ಎಲ್ಲಿಗೂ ಹೋಗುವುದೇ ಇಲ್ಲವಲ್ಲ, ಸುಮ್ನೆ ಕೂತು ಮಾತಾಡ್ತಾರಲ್ಲ ಅಂದರು. ನಾಯಕ ಬೆಂಜಮಿನ್ ಸಿಸ್ಕೊ ಕ್ಯಾಪ್ಟನ್ ಕೂಡ ಅಲ್ಲ, ಬರೀ ಕಮಾಂಡರ್. ಮೂರನೇ ಸೀಸನ್ ಮುಗಿಯುವ ಹೊತ್ತಿಗೆ ಅವನಿಗೆ ಬಡ್ತಿ ಸಿಕ್ಕಿತು. ಅಷ್ಟರೊಳಗೆ, 1994ರಲ್ಲೇ, ನಿಲ್ದಾಣಕ್ಕೊಂದು ಯುದ್ಧನೌಕೆ ಬಂದಿತ್ತು. 1995ರಲ್ಲಿ ಹಿಂದಿನ ಸ್ಟಾರ್ ಟ್ರೆಕ್ ಸೀರಿಯಲ್ ‘ನೆಕ್ಸ್ಟ್ ಜನರೇಷನ್’ನ ಜನಪ್ರಿಯ ಪಾತ್ರ, ಕ್ಲಿಂಗಾನ್ ಎಂಬ ಯೋಧ ಕುಲದ ವಾರ್ಫ್‌ನನ್ನೂ ಕರೆತಂದು ಕೂರಿಸಿದರು. ಊಹೂಂ, ಸಮಾಧಾನವಿಲ್ಲ.

1997ರಲ್ಲಿ ಡೊಮಿನಿಯನ್ ಎಂಬ ಶತ್ರು ಸಾಮ್ರಾಜ್ಯದ ಜೊತೆ ಯುದ್ಧ ಶುರುವಾಯಿತು. ಒಂದೆರಡು ಕಂತಿನಲ್ಲಿ ಮುಗಿಯುವ ಯುದ್ಧವಲ್ಲ, 1999ರ ಜೂನ್‌ನಲ್ಲಿ ಸೀರಿಯಲ್ಲೇ ಮುಗಿಯುವವರೆಗೆ ಎಳೆದ ಯುದ್ಧ. ರಾಡೆನ್‌ಬೆರಿ ಇದನ್ನು ನೋಡಿ ಗೋರಿಯಲ್ಲಿ ಹೊರಳುತ್ತಿದ್ದಾರೆ ಅಂತ ಜನ ಗೋಳಾಡಿದರು. ಪಾಪ, ಅವರಿಗೆ ಪುರುಸೊತ್ತಿರಲಿಲ್ಲ. 1997ರ ಏಪ್ರಿಲ್‌ನಲ್ಲಿ ಅವರ ಚಿತಾಭಸ್ಮದ ಒಂದು ಚಿಟಿಕೆ ರಾಕೆಟ್ ಏರಿ ಭೂಮಿಯನ್ನು ಸುತ್ತುತ್ತಿತ್ತು. ಸುತ್ತುವುದನ್ನೂ ಹೊರಳುವುದೆಂದೇ ಹಿಡಿದರೆ ಮಾತ್ರ ಅಭಿಮಾನಿಗಳು ಹೇಳಿದ್ದು ಸರಿ.

ಇರಲಿ. ಸೀರಿಯಲ್ ಸತ್ತಿತು. ಹಾಲು ಹೆಚ್ಚತೊಡಗಿತು.

ಯಾವ ಕತ್ತಲೆಗೆ ಬೈದಿದ್ದರೋ ಅದೇ ಕತ್ತಲೆ ಈಗ ಗಾಂಭೀರ್ಯ. ಬೋರು ಹೊಡೆಸುತ್ತಿದ್ದ ಮುಂದುವರಿಯುವ ಕಥೆ ಈಗ ಕಾಲಕ್ಕಿಂತ ಮುಂದಿದ್ದ ಕಥನಕಲೆ. 2017ರಲ್ಲಿ ಇದರ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಲು ಜನರಿಂದಲೇ ಚಂದಾ ಎತ್ತಿದರು. ಕೇಳಿದ್ದು ಸುಮಾರು ಒಂದೂವರೆ ಲಕ್ಷ ಡಾಲರ್, ಬಂದದ್ದು ಆರು ಲಕ್ಷಕ್ಕೂ ಜಾಸ್ತಿ. ಅದರಲ್ಲಿ ಒಂದು ಪ್ರಸಂಗವಿದೆ. ನಟನಟಿಯರು ಆ ಕಾಲದಲ್ಲಿ ಬಂದ ಬೈಗುಳದ ಮಾತುಗಳನ್ನು ಕ್ಯಾಮೆರಾ ಮುಂದೆ ಓದುತ್ತಾರೆ. ನೋಡುವವರಿಗೆ ಬಿದ್ದು ಬಿದ್ದು ನಗು. ಎಂಥ ಮೂರ್ಖರಿದ್ದರಪ್ಪಾ ಆಗ ಅಂತ. ನಕ್ಕವರಲ್ಲಿ ಎಷ್ಟು ಮಂದಿ ತಮ್ಮದೇ ಹಳೆಯ ಮಾತಿಗೆ ನಕ್ಕರೋ, ಆ ಬಜೋರಿನ ದೇವರುಗಳೇ ಬಲ್ಲರು.

ಚಂದಾ ವಿಷಯಕ್ಕೆ ಇನ್ನೊಂದು ತಮಾಷೆ ಅಂಟಿಕೊಂಡಿದೆ. ಹಿಂದಿನ ಸೀರಿಯಲ್ಲಾದ ನೆಕ್ಸ್ಟ್ ಜನರೇಷನ್‌ಗೆ ಕಂಪನಿಯೇ ದುಡ್ಡು ಹಾಕಿ, ಫಿಲ್ಮ್ ಸುರುಳಿಗಳನ್ನು ಮತ್ತೆ ಸ್ಕ್ಯಾನ್ ಮಾಡಿಸಿ, ಹೈ ಡೆಫಿನಿಷನ್ ರೂಪ ಕೊಟ್ಟಿತು. ಡೀಪ್ ಸ್ಪೇಸ್ ನೈನ್‌ಗೆ ಆ ಭಾಗ್ಯ ಬರಲಿಲ್ಲ. ಅದನ್ನೂ ಫಿಲ್ಮ್‌ನಲ್ಲೇ ಚಿತ್ರಿಸಿದ್ದರು, ಆದರೆ ಸಂಕಲನ ಮತ್ತು ಗ್ರಾಫಿಕ್ಸ್ ಮುಗಿಸಿದ್ದು ವಿಡಿಯೋ ಟೇಪಿನಲ್ಲಿ. ಮತ್ತೆ ಮಾಡಬೇಕೆಂದರೆ ಮೊದಲಿನಿಂದ ಜೋಡಿಸಬೇಕು, ದುಡ್ಡು ಹುಟ್ಟುವುದಿಲ್ಲ. ಹಾಗಾಗಿ ಸೀರಿಯಲ್ ಇವತ್ತಿಗೂ ಮಸುಕು ಮಸುಕು. ಚಂದಾ ಹಣದಲ್ಲಿ ಸಾಕ್ಷ್ಯಚಿತ್ರಕ್ಕೆಂದು ಕೆಲವು ತುಣುಕುಗಳನ್ನು ಮಾತ್ರ ಹೊಳಪಿಸಿದರು. ಅಂದರೆ ಮಾಲೀಕ ಒಂದು ದೈತ್ಯ ಕಂಪನಿ, ಸುಣ್ಣ ಬಳಿಸಿದ್ದು ಬಾಡಿಗೆದಾರರು. ಕೆಲವರಂತೂ ಮನೆಯ ಕಂಪ್ಯೂಟರಿಗೆ ಎಐ ಹಾಕಿ ಒಂದೊಂದೇ ಕಂತನ್ನು ತಾವೇ ಉಜ್ಜುತ್ತಾರೆ. ಸಿಸ್ಕೊನ ಕೆನ್ನೆ ಮೇಣದ ಗೊಂಬೆಯ ಹಾಗೆ ಆದರೂ ಚಿಂತೆಯಿಲ್ಲ. ಪೂರ್ತಿಯಾಗಿ 4ಕೆ ಆಗಿರುವುದು ಅಭಿಮಾನಿಗಳ ನೆನಪು ಒಂದೇ.

ಈ ನೆನಪು ಯಾವುದನ್ನು ಎತ್ತಿ ಹಿಡಿಯುತ್ತದೆ ನೋಡಿ. 1998ರ ಒಂದು ಕಂತಿನಲ್ಲಿ ಸಿಸ್ಕೊ ಸೋಲುತ್ತಿರುವ ಯುದ್ಧವನ್ನು ಗೆಲ್ಲಲು ಅದುವರೆಗೆ ದೂರ ನಿಂತಿದ್ದ ರೊಮುಲನ್ ಸಾಮ್ರಾಜ್ಯದವರನ್ನು ಎಳೆದು ತರುತ್ತಾನೆ. ಅದಕ್ಕಾಗಿ ಸುಳ್ಳು ಸಾಕ್ಷ್ಯ ಸೃಷ್ಟಿಸುತ್ತಾನೆ, ಲಂಚ ಕೊಡುತ್ತಾನೆ. ಅವನ ಜೊತೆಗಾರ ಗ್ಯಾರಕ್ ರೊಮುಲನ್ನರ ಒಬ್ಬ ಸೆನೆಟರನನ್ನು ಬಾಂಬಿಟ್ಟು ಕೊಲ್ಲುತ್ತಾನೆ. ಸಿಸ್ಕೊ ಇದನ್ನೆಲ್ಲ ಡೈರಿಗೆ ಹೇಳಿಕೊಂಡು, ತಾನು ಇದರ ಜೊತೆ ಬದುಕಬಲ್ಲೆ ಎಂದು ತನಗೆ ತಾನೇ ಎರಡೆರಡು ಸಲ ಹೇಳುತ್ತಾನೆ. ಆಮೇಲೆ ಇಡೀ ದಾಖಲೆಯನ್ನು ಅಳಿಸುತ್ತಾನೆ. ನಾಚಿಕೆಯಾಗಿ ಅಳಿಸಿದ್ದು ಸ್ವಾಮಿ! ಅಭಿಮಾನಿಗಳು ಅದೇ ಮಾತನ್ನು ಎತ್ತಿಕೊಂಡು ಮೀಮ್ ಮಾಡಿ, ಕಷ್ಟದ ತೀರ್ಮಾನ ತೆಗೆದುಕೊಳ್ಳುವ ನಾಯಕ ಅಂದರೆ ಹೀಗಿರಬೇಕು ಅಂತ ಒಬ್ಬರಿಗೊಬ್ಬರು ಪಾಠ ಹೇಳುತ್ತಾರೆ. ಅವನು ಅಳಿಸಿದ ದಾಖಲೆಗೆ ಈಗ ಲೋಕದ ತುಂಬ ಪ್ರತಿಗಳಿವೆ.

ಇನ್ನು ಗಲ್ ಡುಕಾಟ್. ಬಜೋರನ್ನು ಆಳಿದ ಕ್ರೂರಿ, ಕೈಯೆಲ್ಲ ರಕ್ತ. ನಟ ಮಾರ್ಕ್ ಅಲೈಮೊ ಅವನನ್ನು ಎಷ್ಟು ಸೊಗಸಾಗಿ ಮಾಡಿದರೆಂದರೆ, ಪಾಪ, ಅವನೂ ಒಳ್ಳೆಯವನೇ ಅನ್ನುವವರು ಹೆಚ್ಚಾದರು. ಬರಹಗಾರರ ಮುಖ್ಯಸ್ಥ ಐರಾ ಸ್ಟೀವನ್ ಬೇರ್ ಅವರಿಗೆ ಗಾಬರಿಯಾಯಿತು. ಇವನು ದುಷ್ಟ ಕಣ್ರಯ್ಯಾ ಅಂತ ಬಿಡಿಸಿ ಹೇಳಲೆಂದೇ ಒಂದು ಇಡೀ ಕಂತು ಮಾಡಬೇಕಾಯಿತು. ಫಲ ಅಷ್ಟಕ್ಕಷ್ಟೇ. ಸೀರಿಯಲ್ಲಿನೊಳಗೆ ಡುಕಾಟ್ ಒಮ್ಮೆ, ಬಜೋರಿನಲ್ಲಿ ತನ್ನದೊಂದು ಪ್ರತಿಮೆಯೂ ಇಲ್ಲ ಅಂತ ಕೊರಗುತ್ತಾನೆ. ಅವನಿಗೇನು ಕೊರತೆ? ಬಜೋರಿನಲ್ಲಿ ಸಿಗದ ಪೀಠ ಅಮೆರಿಕದ ಸೋಫಾಗಳ ಮೇಲೆ ಎಷ್ಟು ಬೇಕಾದರೂ ಸಿಕ್ಕಿದೆ.

ಯುದ್ಧ ಎಷ್ಟು ಹೊಲಸು ಅಂತ ತೋರಿಸಲು 1998ರಲ್ಲೇ ಇನ್ನೊಂದು ಕಂತು ಬಂತು. ಒಂದು ಬೋಳು ಗುಡ್ಡದ ಠಾಣೆ, ದಣಿದು ಹುಚ್ಚು ಹಿಡಿಯುವ ಹಂತಕ್ಕೆ ಬಂದ ಸೈನಿಕರು, ಕಾಲು ಕಳೆದುಕೊಳ್ಳುವ ಹುಡುಗ ನೋಗ್. ಮುಂದಿನ ಒಂದು ಕಂತು ಪೂರ್ತಿ ಆ ಹುಡುಗನ ಮನಸ್ಸಿನ ಗಾಯದ್ದೇ. ನೋಗ್ ಪಾತ್ರ ಮಾಡಿದ ಏರಾನ್ ಐಸೆನ್‌ಬರ್ಗ್ ಅವರಿಗೆ ಯುದ್ಧ ಕಂಡು ಬಂದ ನಿಜವಾದ ಸೈನಿಕರು ಧನ್ಯವಾದ ಹೇಳಿದ್ದುಂಟು. ಅವರಿಗೆ ಅದು ತಟ್ಟಿತು. ನಮ್ಮ ಸೋಫಾ ಸೇನಾನಿಗಳಿಗೆ ತಟ್ಟಿದ್ದು ಬೇರೆ. ಈ ಠಾಣೆಗೆ ಫಿರಂಗಿ ಯಾಕಿಲ್ಲ? ಶತ್ರುಗಳು ದಂಡುಗಟ್ಟಿ ಎದುರಿಗೇ ಯಾಕೆ ಓಡಿಬಂದರು? ಶತ್ರುಗಳ 1,254 ಹಡಗುಗಳನ್ನು ಎದುರಿಸಿದ ಆ ಇನ್ನೊಂದು ಕಾಳಗದಲ್ಲಿ ವ್ಯೂಹ ಸರಿಯಿತ್ತಾ? ಹುಡುಗನ ಕಾಲು ಹೋದದ್ದು 1998ರಲ್ಲಿ. ಫಿರಂಗಿ ಚರ್ಚೆ ಇನ್ನೂ ಮುಗಿದಿಲ್ಲ.

ಈ ಪೈಕಿ ನನಗೆ ಅತಿ ರುಚಿಸಿದ್ದು 2024ರ ಸೆಪ್ಟೆಂಬರ್. 1995ರ ಜನವರಿಯ ಎರಡು ಕಂತಿನ ಕಥೆಯಲ್ಲಿ ಸಿಸ್ಕೊ ಕಾಲ ಜಾರಿ 2024ರ ಸ್ಯಾನ್ ಫ್ರಾನ್ಸಿಸ್ಕೊಗೆ ಬೀಳುತ್ತಾನೆ. ಅಲ್ಲಿ ಕೆಲಸವಿಲ್ಲದವರನ್ನು, ಮನೆಯಿಲ್ಲದವರನ್ನು ಗೋಡೆ ಕಟ್ಟಿದ ಕೇರಿಗಳೊಳಗೆ ತಳ್ಳಿ ಊರು ಕೈತೊಳೆದುಕೊಂಡಿದೆ. ಸೆಪ್ಟೆಂಬರ್ ಮೊದಲ ವಾರ ಅವರು ದಂಗೆ ಏಳುತ್ತಾರೆ. ನಿಜವಾದ 2024 ಬಂತು. ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಊರಿನ ಜಾಗದಲ್ಲಿ ಮಲಗುವವರಿಗೆ ದಂಡ ಹಾಕಬಹುದು ಅಂದಿತು. ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಗುಡಾರಗಳನ್ನು ಎತ್ತಿಸಿ ಅಂತ ಆದೇಶ ಹೊರಡಿಸಿದರು. ಸೆಪ್ಟೆಂಬರಿನಲ್ಲಿ ಅಭಿಮಾನಿಗಳು ಏನು ಮಾಡಿದರು? ದಂಗೆಯ ದಿನದ ಶುಭಾಶಯ ಹಂಚಿಕೊಂಡರು. ನೋಡಿದ್ರಾ, ನಮ್ಮ ಸೀರಿಯಲ್ ಹೇಳಿತ್ತಲ್ವಾ! ಭವಿಷ್ಯ ನಿಜವಾದದ್ದಕ್ಕೆ ಸೀರಿಯಲ್ಲಿಗೆ ಹತ್ತಕ್ಕೆ ಹತ್ತು ಅಂಕ. ಗುಡಾರ ಕಿತ್ತವರಿಗೂ ಅದರಲ್ಲಿ ಒಂದೆರಡು ಅಂಕ ಕೊಡಬೇಕು, ಅವರು ಸಹಕರಿಸದಿದ್ದರೆ ಭವಿಷ್ಯ ಸುಳ್ಳಾಗುತ್ತಿತ್ತು.

2017ರಲ್ಲಿ ‘ಡಿಸ್ಕವರಿ’ ಎಂಬ ಹೊಸ ಸ್ಟಾರ್ ಟ್ರೆಕ್ ಬಂತು. ಮೊದಲ ಸೀಸನ್ನೇ ಯುದ್ಧ. ಡೀಪ್ ಸ್ಪೇಸ್ ನೈನ್ ಭಕ್ತರಿಂದಲೇ ಟೀಕೆ ಸುರಿಯಿತು. ಜಾಸ್ತಿ ಕತ್ತಲೆ, ಮುಗಿಯದ ಕಥೆ, ಇದು ಸ್ಟಾರ್ ಟ್ರೆಕ್ಕೇ ಅಲ್ಲ, ರಾಡೆನ್‌ಬೆರಿ ಒಪ್ಪುತ್ತಿರಲಿಲ್ಲ. ನಿಮ್ಮದೂ ಕತ್ತಲೆಯೇ ಅಲ್ವಾ ಅಂತ ಯಾರಾದರೂ ಕೇಳಿದರೆ, ಅದರ ಕತ್ತಲೆಯೇ ಬೇರೆ, ಅದಕ್ಕೊಂದು ಅರ್ಥವಿತ್ತು ಅನ್ನುತ್ತಾರೆ. ಡಿಸ್ಕವರಿ 2024ರಲ್ಲಿ ಮುಗಿದಿದೆ. ಅದರ ನಟರು ತಮಗೆ ಬಂದ ಬೈಗುಳಗಳನ್ನು ಜೋಪಾನವಾಗಿ ಎತ್ತಿಟ್ಟುಕೊಳ್ಳಲಿ. ಸಾಕ್ಷ್ಯಚಿತ್ರದಲ್ಲಿ ಓದಲು ಬೇಕಾಗುತ್ತವೆ. ಬೈದವರೇ ಚಂದಾ ಕೊಡುತ್ತಾರೆ.